ಫೈಲ್ ಎಲ್ಲೈತೆ? ಮಲೆನಾಡಿನಿಂದ ನೋಡಿದ ಒಕ್ಕೂಟ

(ಶಿವಮೊಗ್ಗದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಆಹ್ವಾನ ಪತ್ರಿಕೆಯಲ್ಲಿ 'ಒಕ್ಕೂಟ ವ್ಯವಸ್ಥೆ' ಅಂತ ಹಾಕಿದ್ದು ನೋಡಿ, ಮುಂದಿನ ಎರಡು ಸಾಲು ತುಂಬಿದರೆ ಪುಣ್ಯ ಅಂದುಕೊಂಡಿದ್ದೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತುಬಿಟ್ಟ ವಿಷಯ ಅದು. ನಾನು ಮೇಷ್ಟರಲ್ಲ. ಸಾಗರದ ಕಡೆ ಜಮೀನಿನ ಕೇಸು ನಡೆಸಿ ಕೂದಲು ಬೆಳ್ಳಗೆ ಮಾಡಿಕೊಂಡ ವಕೀಲ. ಹಾಗಾಗಿ ಪುಸ್ತಕ ಬಿಚ್ಚುವುದಿಲ್ಲ, ಸಿಗಂದೂರು ಸೇತುವೆಯಿಂದ ಶುರು ಮಾಡುತ್ತೇನೆ.

2025ರ ಜುಲೈ 14ರಂದು ಆ ಸೇತುವೆ, ಅಂದರೆ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ, ಉದ್ಘಾಟನೆ ಆಯಿತು. ಕೇಂದ್ರ ಸಚಿವ ನಿತಿನ್ ಗಡ್ಕರಿ ಬಂದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಬರಲಿಲ್ಲ. ನಮ್ಮನ್ನು ಕೇಳದೆ ದಿನ ಗೊತ್ತು ಮಾಡಿದರು ಅಂತ ರಾಜ್ಯದವರ ದೂರು. ಕರೆದಿದ್ದೆವಲ್ಲ ಅಂತ ಆ ಕಡೆಯವರ ಉತ್ತರ. ಮದುವೆ ಮನೆಯಲ್ಲಿ ಕರೆಯೋಲೆ ಜಗಳ ಇರುತ್ತಲ್ಲ, ಥೇಟ್ ಹಾಗೇ. ಟಿವಿಯಲ್ಲಿ ಎರಡು ದಿನ ಅದೇ ಸುದ್ದಿ.

ನನ್ನ ತಲೆಯಲ್ಲಿ ಓಡಿದ್ದು ಬೇರೆ. ಆ ಸೇತುವೆ ಬೇಕಾಗಿದ್ದು ಯಾಕೆ? ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಕಟ್ಟಿದ್ದು ರಾಜ್ಯ. ಹಿನ್ನೀರು ನಿಂತ ಮೇಲೆ ತುಮರಿ ಕಡೆಯ ಊರುಗಳಿಗೆ ಸಾಗರ ದೂರವಾಯಿತು. ಆಗ ಬಂದಿದ್ದು ಲಾಂಚು. ಅದೂ ರಾಜ್ಯದ್ದೇ. ಬಸ್ಸು, ಜೀಪು, ಹಸು, ಅಡಿಕೆ ಮೂಟೆ, ಮದುವೆ ದಿಬ್ಬಣ ಎಲ್ಲಾ ಅದರ ಮೇಲೆ. ಸಂಜೆ ಲಾಂಚು ನಿಂತರೆ ಮುಗಿಯಿತು, ಆಸ್ಪತ್ರೆಗೆ ಹೋಗಬೇಕಾದವರು ಬೆಳಗಿನವರೆಗೆ ಕಾಯಬೇಕು, ಇಲ್ಲವೇ ಕಾಡಿನ ದಾರಿ ಹಿಡಿದು ಸುತ್ತಬೇಕು. ಕೊನೆಗೆ ಸೇತುವೆ ಬಂದಿದ್ದು ರಾಷ್ಟ್ರೀಯ ಹೆದ್ದಾರಿಯ ದುಡ್ಡಿನಲ್ಲಿ, ಅಂದರೆ ಕೇಂದ್ರದಿಂದ. ನೀರು ತಂದವರು ಬೆಂಗಳೂರಿನವರು. ಸೇತುವೆ ತಂದವರು ದೆಹಲಿಯವರು. ನಡುವೆ ಅರವತ್ತು ವರ್ಷ ಲಾಂಚು. ಆ ಅರವತ್ತು ವರ್ಷಕ್ಕೆ ಯಾರು ಜವಾಬ್ದಾರಿ ಅಂತ ಆ ಎರಡು ದಿನದ ಟಿವಿ ಜಗಳದಲ್ಲಿ ಒಬ್ಬರೂ ಕೇಳಲಿಲ್ಲ.

ನಾನು ಇವತ್ತು ಹೇಳಬೇಕು ಅಂತ ಬಂದಿದ್ದು ಇದನ್ನೇ. ಕೇಂದ್ರಕ್ಕೆ ಜಾಸ್ತಿ ಅಧಿಕಾರ ಇರಬೇಕೋ ರಾಜ್ಯಕ್ಕೋ ಅಂತ ಗಂಟೆಗಟ್ಟಲೆ ವಾದ ಮಾಡಬಹುದು. ನನ್ನ ಹತ್ತಿರ ಬರುವ ಕಕ್ಷಿದಾರರಿಗೆ ಇರುವುದು ಒಂದೇ ಪ್ರಶ್ನೆ: "ವಕೀಲ್ರೇ, ನಮ್ ಫೈಲ್ ಈಗ ಎಲ್ಲೈತೆ?"

ಮೊದಲು ಹೆಸರಿನ ವಿಷಯ ನೋಡೋಣ. ನಮ್ಮ ಊರನ್ನು ನಾವು ಕನ್ನಡದಲ್ಲಿ ಯಾವತ್ತೂ ಶಿವಮೊಗ್ಗ ಅಂತಲೇ ಕರೆದವರು. ಇಂಗ್ಲಿಷಿನಲ್ಲಿ ಮಾತ್ರ ಶಿಮೋಗ. ಸುವರ್ಣ ಕರ್ನಾಟಕದ ಹೊತ್ತಿಗೆ, 2005ರ ಸುಮಾರಿಗೆ, ಊರುಗಳ ಹೆಸರನ್ನು ಕನ್ನಡದ ಉಚ್ಚಾರಕ್ಕೆ ಸರಿಯಾಗಿ ಬರೆಯೋಣ ಅಂತ ಒತ್ತಾಯಿಸಿದವರು ನಮ್ಮ ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಸಾಹಿತಿ ಯು.ಆರ್. ಅನಂತಮೂರ್ತಿ. ರಾಜ್ಯ ಒಪ್ಪಿತು. ಕಾಗದ ದೆಹಲಿಗೆ ಹೋಯಿತು. ಕೇಂದ್ರ ಗೃಹ ಇಲಾಖೆ ಹೂಂ ಅನ್ನಬೇಕು. ಬೋರ್ಡು ಬದಲಾಗಿದ್ದು 2014ರ ನವೆಂಬರ್ 1ರಂದು. ಅನಂತಮೂರ್ತಿ ತೀರಿಕೊಂಡಿದ್ದು ಅದೇ ವರ್ಷ ಆಗಸ್ಟಿನಲ್ಲಿ. ಒಂದೆರಡು ಇಂಗ್ಲಿಷ್ ಅಕ್ಷರ ಸರಿ ಮಾಡಲು ಸುಮಾರು ಒಂಬತ್ತು ವರ್ಷ!

ರಾಜ್ಯದ ಹೆಸರಿನ ಕಥೆಯೂ ಹಾಗೇ. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕ ಆಯಿತು. ದೇವರಾಜ ಅರಸರ ಕಾಲ. ನಮ್ಮ ವಿಧಾನಸಭೆ ನಿರ್ಣಯ ಮಾಡಿದರೆ ಸಾಲಲಿಲ್ಲ, ಸಂಸತ್ತು ಕಾಯ್ದೆ ಮಾಡಬೇಕಾಯಿತು. ಸಂವಿಧಾನದ 3ನೇ ವಿಧಿ ಹಾಗೆ ಹೇಳುತ್ತೆ. ರಾಜ್ಯದ ಹೆಸರು, ಗಡಿ, ವಿಸ್ತೀರ್ಣ ಎಲ್ಲಾ ಸಂಸತ್ತಿನ ಕೈಯಲ್ಲಿ, ಅದೂ ಸಾಮಾನ್ಯ ಬಹುಮತದಲ್ಲಿ. ರಾಜ್ಯದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಅಮೆರಿಕದಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ರಾಜ್ಯಗಳು ಮೊದಲು ಇದ್ದವು, ಒಟ್ಟು ಸೇರಿ ಕೇಂದ್ರ ಮಾಡಿಕೊಂಡವು. ನಮ್ಮಲ್ಲಿ ಹಾಗಲ್ಲ. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಭೆಯ ಮುಂದಿಟ್ಟಾಗ ಅಂಬೇಡ್ಕರ್ ಇದನ್ನು ಬಿಡಿಸಿ ಹೇಳಿದ್ದರು. ರಾಜ್ಯಗಳು ಒಪ್ಪಂದ ಮಾಡಿಕೊಂಡು ಆದ ಒಕ್ಕೂಟ ಇದಲ್ಲ, ಆದ್ದರಿಂದ ಬಿಟ್ಟುಹೋಗುವ ಹಕ್ಕೂ ಯಾರಿಗೂ ಇಲ್ಲ ಅಂತ. ದೇಶ ಆಗಷ್ಟೇ ಒಡೆದು ಎರಡಾಗಿತ್ತು, ಅವರ ಭಯ ನಮಗೆ ಅರ್ಥವಾಗಬೇಕು.

ಅಧಿಕಾರ ಹಂಚಿಕೆ ಏಳನೇ ಶೆಡ್ಯೂಲಿನಲ್ಲಿದೆ. ಮೂರು ಪಟ್ಟಿ: ಕೇಂದ್ರದ್ದು, ರಾಜ್ಯದ್ದು, ಇಬ್ಬರದ್ದೂ. ಮೂರನೆಯದಕ್ಕೆ ಸಮವರ್ತಿ ಪಟ್ಟಿ ಅಂತ ಹೆಸರು. ಅದರಲ್ಲಿ ಇಬ್ಬರ ಕಾಯ್ದೆಗೂ ತಾಕಲಾಟ ಬಂದರೆ ಸಾಮಾನ್ಯವಾಗಿ ಕೇಂದ್ರದ ಮಾತೇ ನಡೆಯುತ್ತೆ. ಯಾವ ಪಟ್ಟಿಯಲ್ಲೂ ಇಲ್ಲದ್ದು ಕೂಡ ಕೇಂದ್ರಕ್ಕೇ. ಪಟ್ಟಿ ಓದಿ ನಿಮ್ಮ ತಲೆ ತಿನ್ನುವುದಿಲ್ಲ. ಅದರಲ್ಲಿ ಒಂದೇ ಒಂದು ಪದ ತೆಗೆದುಕೊಳ್ಳೋಣ. ಮಲೆನಾಡಿನವರಿಗೆ ಆ ಒಂದು ಪದ ಸಾಕು. ಅರಣ್ಯ.

1950ರಲ್ಲಿ ಅರಣ್ಯ ರಾಜ್ಯ ಪಟ್ಟಿಯಲ್ಲಿತ್ತು. 1976ರಲ್ಲಿ, ತುರ್ತುಪರಿಸ್ಥಿತಿಯ ಹೊತ್ತಿನಲ್ಲಿ, 42ನೇ ತಿದ್ದುಪಡಿ ಬಂತು. ಐದು ವಿಷಯ ರಾಜ್ಯದ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋದವು. ಶಿಕ್ಷಣ ಹೋಯಿತು. ಅರಣ್ಯ ಹೋಯಿತು. ಕಾಡುಪ್ರಾಣಿ, ಪಕ್ಷಿಗಳ ರಕ್ಷಣೆ ಹೋಯಿತು. ತೂಕ ಅಳತೆ, ಕೆಳಗಿನ ಕೋರ್ಟುಗಳ ರಚನೆ ಕೂಡ. ಆಮೇಲೆ 1978ರಲ್ಲಿ 44ನೇ ತಿದ್ದುಪಡಿ ತುರ್ತುಪರಿಸ್ಥಿತಿಯ ಎಷ್ಟೋ ಕೊಳೆಯನ್ನು ತೊಳೆಯಿತು. ಈ ಐದು ಮಾತ್ರ ವಾಪಸ್ ಬರಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡಬೇಕಾದರೆ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕು. ಅಲ್ಲಿಂದ ಮುಂದೆ ಬೀಗಕ್ಕೆ ಎರಡು ಕೀಲಿ.

ಈಗ ಒಬ್ಬರ ಕಥೆ. ಹೆಸರು ಬೇಡ. ಹತ್ತಾರು ವರ್ಷ ನನ್ನ ಆಫೀಸಿಗೆ ಬಂದವರು. ಕಾಗದ ಎಲ್ಲಾ ಒಂದು ಹಳೇ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ. ಗೆದ್ದಲು, ಜಿರಲೆ, ಮಳೆ ಎಲ್ಲದಕ್ಕೂ ಅದೇ ರಕ್ಷಣೆ. ಮುಚ್ಚಳ ತೆಗೆದರೆ ನುಸಿಗುಳಿಗೆ ವಾಸನೆ. ಮೇಲೆ ಮೊಮ್ಮಗನ ಜಾತಿ ಸರ್ಟಿಫಿಕೇಟು, ಕೆಳಗೆ ಕರೆಂಟ್ ಬಿಲ್ಲು, ಎಲ್ಲಕ್ಕಿಂತ ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆಯ ಒಂದು ಹಳದಿ ಕಾಗದ. ಮಡಿಕೆ ಬಿದ್ದಲ್ಲಿ ಹರಿದು ನಾಲ್ಕು ಚೂರಾಗಿ, ಹಿಂದುಗಡೆ ಅಂಟು ಪಟ್ಟಿ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರು ಮುಳುಗಡೆ ಆದಾಗ ಅವರ ಅಪ್ಪನಿಗೆ ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಜಾಗ ಅಂತ ಬರೆದುಕೊಟ್ಟಿದ್ದು. ಲಾರಿಯಲ್ಲಿ ತಂದು ಕಾಡಿನ ಅಂಚಿಗೆ ಇಳಿಸಿದ್ದರಂತೆ. ಅಪ್ಪ ಕಡಿದು, ಅಗೆದು, ಗದ್ದೆ ಮಾಡಿದರು. ಮಗ ತೋಟ ಹಾಕಿದರು. ಪಹಣಿಯಲ್ಲಿ ಮಾತ್ರ ಇವತ್ತಿಗೂ 'ಅರಣ್ಯ'.

ಆಗಿದ್ದು ಇಷ್ಟೇ. 1960ರ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ಮುಳುಗಡೆಯವರಿಗೆ ಕಾಡಿನ ಜಾಗ ಬಿಟ್ಟುಕೊಟ್ಟಿತು. ಅವತ್ತು ಅರಣ್ಯ ರಾಜ್ಯದ್ದೇ, ಯಾರನ್ನೂ ಕೇಳಬೇಕಿರಲಿಲ್ಲ. ಆ ಜಾಗವನ್ನು ಅರಣ್ಯದ ಲೆಕ್ಕದಿಂದ ತೆಗೆದು, ಕಂದಾಯದ ಲೆಕ್ಕಕ್ಕೆ ಸೇರಿಸಿ, ಪೋಡಿ ಮಾಡಿ ಪಹಣಿ ಕೊಡುವ ಕೆಲಸ ಎಷ್ಟೋ ಕಡೆ ಉಳಿದೇ ಹೋಯಿತು. ನಾಳೆ ಮಾಡಿದರಾಯಿತು ಅಂತ. ಆ ನಾಳೆ ಬರುವಷ್ಟರಲ್ಲಿ 1980 ಬಂತು. ಆಮೇಲೆ ರಾಜ್ಯ ತನ್ನಷ್ಟಕ್ಕೆ ತಾನೇ ಡಿನೋಟಿಫೈ ಮಾಡುತ್ತಾ, ಅಂದರೆ ಜಾಗವನ್ನು ಅರಣ್ಯದ ಲೆಕ್ಕದಿಂದ ಕೈಬಿಡುತ್ತಾ, ಹೋಯಿತು. ಕೇಂದ್ರದ ಒಪ್ಪಿಗೆ ಇಲ್ಲದ ಆ ಆದೇಶಗಳು ನಿಲ್ಲುವುದಿಲ್ಲ ಅಂತ 2021ರಲ್ಲಿ ಹೈಕೋರ್ಟು ಹೇಳಿತು. ಹಕ್ಕುಪತ್ರ ಕೈಗೆ ಬಂದವರಿಗೂ ಅದು ಬರೀ ಕಾಗದ ಆಯಿತು.

ಹಾಗಾದರೆ ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ, 2006ರದ್ದು? ಇದೆ. ಕೇಂದ್ರದ ಕಾಯ್ದೆ, ಜಾರಿ ಮಾಡುವುದು ರಾಜ್ಯ. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರಿಗೆ ಹಿಂದಿನ 75 ವರ್ಷ, ಅಂದರೆ ಮೂರು ತಲೆಮಾರು, ಅಲ್ಲೇ ಇದ್ದಿದ್ದಕ್ಕೆ ದಾಖಲೆ ತೋರಿಸಬೇಕು. ಈಗ ಲೆಕ್ಕ ಹಾಕಿ. 1930ರಿಂದ ಈ ಜಾಗದಲ್ಲಿ ಇರಬೇಕಿತ್ತು. ಇವರು 1930ರಲ್ಲಿ ಇದ್ದ ಊರು ಲಿಂಗನಮಕ್ಕಿ ನೀರಿನ ಅಡಿಯಲ್ಲಿದೆ. ಸರ್ಕಾರವೇ ಎಬ್ಬಿಸಿ ತಂದು ಕೂರಿಸಿದವರನ್ನು, ನೀವು ಇಲ್ಲಿಯವರಲ್ಲ ಅಂತ ಕಾಯ್ದೆ ಹೊರಗಿಟ್ಟಿತು. ದೆಹಲಿಯಲ್ಲಿ ಕೂತು ಬರೆದವರ ಕಣ್ಣ ಮುಂದೆ ಶರಾವತಿ ಇರಲಿಲ್ಲ ಅಂತ ಕಾಣುತ್ತೆ.

ಈ ಫೈಲಿನ ಹಿಂದೆ ಬಿದ್ದು ನಾನೂ ಅಲೆದಿದ್ದೇನೆ. ಒಂದು ಕಚೇರಿಯಲ್ಲಿ 'ಬೆಂಗಳೂರಿಗೆ ಕಳಿಸಿದ್ದೇವೆ' ಅಂದರು. ಬೆಂಗಳೂರಿನಲ್ಲಿ 'ಕೇಂದ್ರದ ಮುಂದಿದೆ' ಅಂದರು. ಕೇಂದ್ರದಿಂದ ಒಂದು ಪತ್ರ ಬಂತು: 'ರಾಜ್ಯ ಸರ್ಕಾರದಿಂದ ಪೂರ್ಣ ಮಾಹಿತಿ ಬಂದಿಲ್ಲ.' ಆ ಪತ್ರವೂ ಈಗ ಬಿಸ್ಕತ್ತಿನ ಡಬ್ಬಿ ಸೇರಿದೆ. ತಪ್ಪು ಯಾರದ್ದು ಅಂತ ಕೇಳಿದರೆ ನಾನು ಮೊದಲ ಬೆರಳು ಬೆಂಗಳೂರಿನ ಕಡೆಗೇ ತೋರಿಸುತ್ತೇನೆ. 1976ರವರೆಗೂ ಅರಣ್ಯ ಪೂರ್ತಿ ಅವರದ್ದೇ, 1980ರವರೆಗೂ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಪೆನ್ನು ಕೈಯಲ್ಲಿದ್ದಾಗ ಸಹಿ ಹಾಕಲಿಲ್ಲ. ಪೆನ್ನು ಹೋದ ಮೇಲೆ ಭಾಷಣ.

ಹಾಗಂತ ಎರಡು ಕೀಲಿ ಯಾವಾಗಲೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆ ತೆಗೆದುಕೊಳ್ಳಿ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರು ಮೇಲೆತ್ತಿ, ಮತ್ತೆ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್. ಅದು ರಾಜ್ಯದ ವಿದ್ಯುತ್ ನಿಗಮ ಕೆಪಿಸಿಯ ಯೋಜನೆ. ಸಿಂಗಳೀಕಗಳ ಕಾಡಿನ ಒಳಗೇ ಆಗುವ ಕೆಲಸ. ಬೇಡ ಅನ್ನುವ ನಮ್ಮ ಜನ ಎಲ್ಲಿಗೆ ಅರ್ಜಿ ಹಾಕಿದರು? ದೆಹಲಿಗೆ. ವನ್ಯಜೀವಿ ಮಂಡಳಿಗೆ, ಅರಣ್ಯ ಸಲಹಾ ಸಮಿತಿಗೆ. ಇಲ್ಲಿ ಬೆಂಗಳೂರನ್ನು ತಡೆಯುವ ಎರಡನೇ ಕೀಲಿ ದೆಹಲಿಯಲ್ಲಿ ಇರುವುದೇ ಅವರಿಗೆ ಆಸರೆ. ಅದೇ ನಾವು, ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ವರದಿ ಅಂದ ಕೂಡಲೇ 'ದೆಹಲಿಯವರಿಗೆ ನಮ್ಮ ಕಾಡಿನಲ್ಲಿ ಏನು ಕೆಲಸ' ಅನ್ನುತ್ತೇವೆ. ನಾವೂ ಅಷ್ಟೇನೂ ಸಾಚಾ ಅಲ್ಲ ಬಿಡಿ.

ಕಸ್ತೂರಿರಂಗನ್ ವಿಷಯ ಬಂತಲ್ಲ, ಎರಡು ಮಾತು. 2013ರ ವರದಿ. ಮೊದಲ ಕರಡು ಅಧಿಸೂಚನೆ 2014ರ ಮಾರ್ಚಿನಲ್ಲಿ. ಆರನೇ ಕರಡು 2024ರ ಜುಲೈ 31ಕ್ಕೆ. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಪ್ರತಿ ಸಲ ರಾಜ್ಯ ಬೇಡ ಅಂತು, ಯಾವ ಪಕ್ಷದ ಸರ್ಕಾರ ಇದ್ದರೂ. 2024ರ ಸೆಪ್ಟೆಂಬರಿನಲ್ಲಿ ಸಂಪುಟ ಮತ್ತೆ ತಿರಸ್ಕರಿಸಿತು. ಕುತೂಹಲ ಏನು ಗೊತ್ತಾ? 'ಪರಿಸರ' ಅನ್ನುವ ಪದ ಆ ಮೂರು ಪಟ್ಟಿಯಲ್ಲಿ ಎಲ್ಲೂ ಇಲ್ಲ. ಮತ್ತೆ 1986ರ ಪರಿಸರ ಕಾಯ್ದೆ ಬಂದಿದ್ದು ಹೇಗೆ? 253ನೇ ವಿಧಿಯಿಂದ. ಹೊರದೇಶಗಳ ಜೊತೆ ಮಾಡಿಕೊಂಡ ಒಪ್ಪಂದ ಜಾರಿ ಮಾಡಲು ಸಂಸತ್ತು ಯಾವ ವಿಷಯದ ಮೇಲಾದರೂ ಕಾಯ್ದೆ ಮಾಡಬಹುದು. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ಸಮ್ಮೇಳನ ನಡೆಯಿತು, ಅದರ ಎಳೆ ಹಿಡಿದು ಬಂದ ಕಾಯ್ದೆ ಇವತ್ತು ಹೊಸನಗರದ ಕಲ್ಲುಕ್ವಾರಿಯವರೆಗೆ ಮುಟ್ಟುತ್ತೆ. ನನ್ನ ಅಭಿಪ್ರಾಯ ಕೇಳಿದರೆ, ಘಟ್ಟ ಉಳಿಯಬೇಕು. ಗುಡ್ಡ ಕುಸಿಯುವುದನ್ನು ನಾವೇ ನೋಡುತ್ತಿದ್ದೇವೆ. ಹತ್ತು ವರ್ಷ ಕರಡು ಕಳಿಸುವುದು, ಹತ್ತು ವರ್ಷ ಬೇಡ ಅನ್ನುವುದು, ಇದರಲ್ಲಿ ಕಾಡೂ ಉಳಿಯಲಿಲ್ಲ, ರೈತನ ಭಯವೂ ಹೋಗಲಿಲ್ಲ.

ಅಡಿಕೆಗೆ ಬರೋಣ. ಇಲ್ಲದಿದ್ದರೆ ಅರ್ಧ ಜನ ಎದ್ದು ಹೋಗುತ್ತೀರಿ.

ಕೃಷಿ ರಾಜ್ಯ ಪಟ್ಟಿಯಲ್ಲಿದೆ. ಮಾರುಕಟ್ಟೆ ಸಮಿತಿ ರಾಜ್ಯದ್ದು. ಕೊಳೆ ರೋಗಕ್ಕೆ, ಎಲೆಚುಕ್ಕಿಗೆ ಔಷಧಿ ಸಬ್ಸಿಡಿ ಕೇಳಿ ನಾವು ಹೋಗುವುದು ತೋಟಗಾರಿಕೆ ಇಲಾಖೆಗೆ. ಆದರೆ ರಾಶಿ, ಬೆಟ್ಟೆ, ಸರಕು, ಗೊರಬಲು ಯಾವುದರದ್ದೇ ಆಗಲಿ, ರೇಟು ಏರುವುದು ಇಳಿಯುವುದು ಹೊರಗಿನಿಂದ ಎಷ್ಟು ಅಡಿಕೆ ಬಂತು ಅನ್ನುವುದರ ಮೇಲೂ ನಿಂತಿದೆ. ಆಮದು ಪೂರ್ತಿ ಕೇಂದ್ರದ್ದು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಅದಕ್ಕೂ ಸ್ವಲ್ಪ ಮೊದಲು, 2022ರಲ್ಲಿ, ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಈ ಬೆಲೆಯ ಕಟ್ಟಳೆ ಇಲ್ಲದೆ ತರಬಹುದು ಅಂತ ಬಿಟ್ಟಿದ್ದರು. ಭೂತಾನ್ ಜೊತೆಗಿನ ಸ್ನೇಹಕ್ಕೆ ಅದು ಬೇಕಿರಬಹುದು. ನಮ್ಮ ಜಿಲ್ಲೆಯ ತೋಟಕ್ಕೆ ಅದರಿಂದ ಏನಾಗುತ್ತೆ ಅಂತ ಕೇಳುವ ಸಭೆ ಯಾವುದು? ವಿಧಾನಸಭೆಯಲ್ಲಿ ನಮ್ಮ ಶಾಸಕರು ಗಂಟಲು ಹರಿದುಕೊಂಡರೆ ಉತ್ತರ ಒಂದೇ: 'ಕೇಂದ್ರಕ್ಕೆ ಪತ್ರ ಬರೆಯುತ್ತೇವೆ.' ನನಗೂ ನಾಲ್ಕು ಎಕರೆ ತೋಟ ಇದೆ. ಮಂಡಿಯಲ್ಲಿ ಮೂಟೆಯ ಬಾಯಿ ಬಿಚ್ಚಿ, ವ್ಯಾಪಾರಿ ಒಂದು ಹಿಡಿ ಅಡಿಕೆ ಅಂಗೈಯಲ್ಲಿ ಹಾಕಿಕೊಂಡು, ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತೆ. ಅವನ ಮುಖ ನೋಡುತ್ತಾ ನಿಲ್ಲುತ್ತೇವೆ. ಅವತ್ತಿನ ರೇಟಿನ ಒಂದು ಪಾಲು ಅವನ ಕೈಯಲ್ಲೂ ಇಲ್ಲ, ದೆಹಲಿಯ ಯಾವುದೋ ಕಚೇರಿಯ ಒಂದು ಪುಟದ ಅಧಿಸೂಚನೆಯಲ್ಲಿದೆ.

ನೀರಿನ ಕಥೆ ಇನ್ನೂ ಮಜವಾಗಿದೆ. ನಮ್ಮ ಘಟ್ಟದ ನದಿಗಳನ್ನು ನೋಡಿ. ಶರಾವತಿ ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ಪೂರ್ತಿ ಕರ್ನಾಟಕದೊಳಗೆ. ತುಂಗೆ ಭದ್ರೆ ಕೂಡಲಿಯಲ್ಲಿ ಕೂಡಿ, ಮುಂದೆ ಆಂಧ್ರದ ಕಡೆಗೆ ಹೋಗಿ, ಕೃಷ್ಣೆ ಸೇರುತ್ತಾರೆ. ಹಾಗಾಗಿ ತುಂಗಭದ್ರೆಯ ನೀರಿಗೆ ನ್ಯಾಯಮಂಡಳಿ ಇದೆ, ಅಂತರರಾಜ್ಯ ನದಿ ವಿವಾದದ 1956ರ ಕಾಯ್ದೆ ಇದೆ, ಕೃಷ್ಣೆಯ ನೀರು ಹಂಚಿದ ಬಚಾವತ್ ತೀರ್ಪು ಇದೆ. ತುಂಗೆಯಿಂದ ಭದ್ರೆಗೆ 17.40 ಟಿಎಂಸಿ ಎತ್ತಿ ಚಿತ್ರದುರ್ಗದ ಕಡೆ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಗೆ ಎಷ್ಟು ಕಡೆ ಒಪ್ಪಿಗೆ ಬೇಕಾಯಿತು! 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ಅಂತ ಘೋಷಿಸಿದರು. ದುಡ್ಡು ಬರಲಿಲ್ಲ ಅಂತ ರಾಜ್ಯದ ಕೂಗು ವರ್ಷಗಟ್ಟಲೆ ನಡೆಯಿತು.

ಶರಾವತಿಗೆ ಇದ್ಯಾವ ಕಾಟವೂ ಇಲ್ಲ, ಆರಾಮ ಅಲ್ವಾ? 2019 ನೆನಪು ಮಾಡಿಕೊಳ್ಳಿ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಕುಡಿಯಲು ಒಯ್ಯುತ್ತೇವೆ ಅಂತ ರಾಜ್ಯ ಸರ್ಕಾರ ಹೊರಟಿತು. ಜುಲೈನಲ್ಲಿ ನಾವು ಶಿವಮೊಗ್ಗ ಬಂದ್ ಮಾಡಿದೆವು. ನಮ್ಮ ಪರ ವಾದ ಮಾಡಲು ನ್ಯಾಯಮಂಡಳಿ ಇರಲಿಲ್ಲ. ತಮಿಳುನಾಡಿಗೆ ಕಾವೇರಿ ನೀರಿನ ಲೆಕ್ಕ ಕೇಳುವ ಹಕ್ಕಿದೆ. ಸಾಗರಕ್ಕೆ ಶರಾವತಿಯ ಲೆಕ್ಕ ಕೇಳುವ ಹಕ್ಕಿಲ್ಲ. ಶರಾವತಿಯ ಮಟ್ಟಿಗೆ ಬೆಂಗಳೂರೇ ದೆಹಲಿ.

ಇದು ತಲೆಯಲ್ಲಿರಲಿ. ಈಗ ದುಡ್ಡು.

ಜಿಎಸ್‌ಟಿ 2017ರ ಜುಲೈ 1ಕ್ಕೆ ಬಂತು. ಅದರ ಕೌನ್ಸಿಲಿನಲ್ಲಿ ಕೇಂದ್ರಕ್ಕೆ ಮೂರರಲ್ಲಿ ಒಂದು ಪಾಲು ಮತ, ಎಲ್ಲಾ ರಾಜ್ಯಗಳಿಗೂ ಸೇರಿ ಮೂರರಲ್ಲಿ ಎರಡು. ತೀರ್ಮಾನ ಆಗಬೇಕಾದರೆ ನಾಲ್ಕರಲ್ಲಿ ಮೂರು ಪಾಲು ಬೇಕು. ಎಲ್ಲಾ ರಾಜ್ಯಗಳೂ ಒಂದಾದರೂ ಕೇಂದ್ರ ಬೇಡ ಅಂದರೆ ಬಿತ್ತು. ಕೌನ್ಸಿಲ್ ಹೇಳುವುದು ಬರೀ ಶಿಫಾರಸು ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೇಳಿದ್ದು ಸರಿ, ಬೇರೆ ದಾರಿ ಹಿಡಿಯುವ ಧೈರ್ಯ ಯಾವ ರಾಜ್ಯಕ್ಕೂ ಬಂದಿಲ್ಲ.

ಇನ್ನು ಹಣಕಾಸು ಆಯೋಗ. 14ನೇ ಆಯೋಗ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕಕ್ಕೆ 4.713 ಪರ್ಸೆಂಟ್ ಕೊಟ್ಟಿತ್ತು. 15ನೇದು ಅದನ್ನು 3.647ಕ್ಕೆ ಇಳಿಸಿತು. ದೊಡ್ಡ ಕಾರಣ, ತಲಾ ಆದಾಯ ಜಾಸ್ತಿ ಇರುವ ರಾಜ್ಯಕ್ಕೆ ಪಾಲು ಕಡಿಮೆ ಅನ್ನುವ ಲೆಕ್ಕ. ನೂರರಲ್ಲಿ ಅದಕ್ಕೇ 45 ಅಂಕ ಇತ್ತು. 2024ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ದೆಹಲಿಯ ಜಂತರ್ ಮಂತರಿನಲ್ಲಿ 'ನನ್ನ ತೆರಿಗೆ ನನ್ನ ಹಕ್ಕು' ಅಂತ ಧರಣಿ ಕೂತಿತು. ಬರ ಪರಿಹಾರಕ್ಕೆ 18,171 ಕೋಟಿ ಕೇಳಿ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ, ಆಮೇಲೆ 3,400 ಕೋಟಿ ಚಿಲ್ಲರೆ ಬಂತು. ಪರಿಹಾರ ಕೇಳಲು ಒಂದು ಸರ್ಕಾರ ಇನ್ನೊಂದು ಸರ್ಕಾರದ ಮೇಲೆ ಕೇಸು ಹಾಕಬೇಕಾಗಿದ್ದು ನನಗೆ ಬೇಜಾರು ತಂದ ವಿಷಯ.

ಆದರೆ 'ನನ್ನ ತೆರಿಗೆ ನನ್ನ ಹಕ್ಕು' ಅನ್ನುವ ಘೋಷಣೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಯಾಕೆ ಅಂದರೆ, ಕರ್ನಾಟಕದ ತೆರಿಗೆ ಅಂತ ನಾವು ಹೇಳುವುದರಲ್ಲಿ ದೊಡ್ಡ ಗಂಟು ಬೆಂಗಳೂರಿನದ್ದು. ನಾಳೆ ಬೆಂಗಳೂರಿನವರು ಇದೇ ಮಾತು ಹೇಳಿದರೆ ಹೊಸನಗರದ ರಸ್ತೆಗೆ ಜಲ್ಲಿ ಎಲ್ಲಿಂದ ಬರುತ್ತೆ? ಉಳ್ಳವರಿಂದ ಇಲ್ಲದವರಿಗೆ ಹೋಗುವುದು ತಪ್ಪಲ್ಲ. ನನ್ನ ತಕರಾರು, ತೆರಿಗೆಯ ಜೊತೆ ಕೇಂದ್ರ ಹೆಚ್ಚುವರಿಯಾಗಿ ಹಾಕುವ ಸೆಸ್ಸು, ಸರ್ಚಾರ್ಜಿನ ಮೇಲೆ. 41 ಪರ್ಸೆಂಟ್ ರಾಜ್ಯಗಳಿಗೆ ಅನ್ನುವುದು ಹಂಚುವ ಗಂಟಿನಲ್ಲಿ ಮಾತ್ರ. ಸೆಸ್ಸು ಸರ್ಚಾರ್ಜು ಆ ಗಂಟಿಗೇ ಬೀಳುವುದಿಲ್ಲ. ಅಣ್ಣತಮ್ಮಂದಿರ ಹಿಸೆ ಪಂಚಾಯ್ತಿಯಲ್ಲಿ ಒಬ್ಬ ಕಣದ ರಾಶಿ ಅಳೆದು ಕೊಟ್ಟು, ಪಣತದ, ಅಂದರೆ ಕಣಜದ, ಭತ್ತ ಲೆಕ್ಕಕ್ಕೇ ಹಿಡಿಯದಿದ್ದ ಹಾಗೆ.

ಭದ್ರಾವತಿಯವರು ಮುಖ ನೋಡುತ್ತಿದ್ದಾರೆ, ಅವರದ್ದನ್ನೂ ಹೇಳಿಬಿಡುತ್ತೇನೆ. ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಗಿದ್ದು ಮೈಸೂರು ಸಂಸ್ಥಾನದ ದುಡ್ಡಿನಲ್ಲಿ. ಆಮೇಲೆ ರಾಜ್ಯದ್ದಾಯಿತು. ನಷ್ಟ ತಡೆಯಲಾರದೆ 1989ರಲ್ಲಿ ಕೇಂದ್ರದ ಉಕ್ಕು ಕಂಪನಿ ಸೈಲ್‌ಗೆ ಒಪ್ಪಿಸಿದರು, 1998ರಲ್ಲಿ ಅದರೊಳಗೇ ಸೇರಿತು. ಸ್ವಂತ ಗಣಿ ಇಲ್ಲದೆ ಒದ್ದಾಡಿತು. ಮಾರಲು ನೋಡಿದರು, ಕೊಳ್ಳುವವರು ಬರಲಿಲ್ಲ. 2023ರ ಆರಂಭದಲ್ಲಿ ಮುಚ್ಚುವ ತೀರ್ಮಾನ ದೆಹಲಿಯಿಂದ ಬಂತು. ಕಾರ್ಮಿಕರು ಬೀದಿಗೆ ಬಂದರು. ಅದೇ ವರ್ಷ ಮತ್ತೆ ಅಷ್ಟಿಷ್ಟು ಕೆಲಸ ಶುರು ಮಾಡಿಸಿದರು. ದೆಹಲಿಗೆ ಕೊಟ್ಟಿದ್ದೇ ತಪ್ಪಾಯಿತು ಅನ್ನುವವರಿಗೆ ಪಕ್ಕದಲ್ಲೇ ಉತ್ತರ ಇದೆ. ಎಂಪಿಎಂ ಕಾಗದದ ಕಾರ್ಖಾನೆ ರಾಜ್ಯದ ಕೈಯಲ್ಲೇ ಉಳಿದಿತ್ತು. ಅದು ಅದಕ್ಕೂ ಮೊದಲೇ ನಿಂತಿತು.

ರಾಜ್ಯಪಾಲರ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಿಧಾನಸಭೆಯಲ್ಲಿ ಬಹುಮತ ಸಾಬೀತು ಮಾಡಲು ಬಿಡದೆ, ರಾಜ್ಯಪಾಲರ ವರದಿ ಹಿಡಿದು ಕೇಂದ್ರ ಕಿತ್ತು ಹಾಕಿತು. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತ ಇದೆಯೋ ಇಲ್ಲವೋ ಅಂತ ನೋಡುವ ಜಾಗ ಸದನ, ರಾಜಭವನ ಅಲ್ಲ. ಬೊಮ್ಮಾಯಿಗೆ ಕುರ್ಚಿ ವಾಪಸ್ ಸಿಗಲಿಲ್ಲ. ಅವರ ಹೆಸರು ಮಾತ್ರ ದೇಶದ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಕೇಳಿಬರುತ್ತೆ. ರಾಷ್ಟ್ರಪತಿ ಆಡಳಿತ ಹೇರುವ 356ನೇ ವಿಧಿಯ ಹಾವಳಿ ಅಲ್ಲಿಂದ ಕಡಿಮೆಯಾಯಿತು. ಒಕ್ಕೂಟಕ್ಕೆ ಕರ್ನಾಟಕ ಕೊಟ್ಟ ದೊಡ್ಡ ಕಾಣಿಕೆ ಯಾವುದು ಅಂದರೆ ನಾನು ಈ ಕೇಸನ್ನೇ ಹೇಳುತ್ತೇನೆ.

ಕೊನೆಯ ವಿಷಯ, ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ದೆಹಲಿ ನಮ್ಮ ಅಧಿಕಾರ ಕಸಿಯಿತು ಅನ್ನುವ ಬೆಂಗಳೂರು, ತಾನು ಕೆಳಗೆ ಎಷ್ಟು ಬಿಟ್ಟಿದೆ? ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಕಾಲದಲ್ಲಿ ಜಿಲ್ಲಾ ಪರಿಷತ್ತು ಅಂದರೆ ಒಂದು ಸಣ್ಣ ಸರ್ಕಾರ. ದೇಶವೇ ತಿರುಗಿ ನೋಡಿತ್ತು. ಪಂಚಾಯ್ತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಬಂದಿದ್ದು ಆಮೇಲೆ. ಈಗ ನೋಡಿ, 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಒಂದೊಂದು ಸಲ ಒಂದೊಂದು ಕಾರಣ. ಕೇಂದ್ರ ಹೀಗೆ ನಮ್ಮ ವಿಧಾನಸಭೆಯನ್ನು ನಾಲ್ಕು ವರ್ಷ ಖಾಲಿ ಇಟ್ಟಿದ್ದರೆ ನಾವು ಸುಮ್ನೆ ಇರುತ್ತಿದ್ದೆವಾ? ಜಿಲ್ಲಾ ಪಂಚಾಯ್ತಿಯಲ್ಲಿ ಅಧಿಕಾರಿಗಳೇ ಕೂತು ಸಹಿ ಹಾಕಿದರು. ಬಂದ್ ಬಿಡಿ, ಒಂದು ಅರ್ಜಿ ಕೊಟ್ಟವರೂ ಬೆರಳೆಣಿಕೆ. ನಾನೂ ಕೊಡಲಿಲ್ಲ.

ಬಿಸ್ಕತ್ತಿನ ಡಬ್ಬಿಯವರ ವಿಷಯ ಅರ್ಧಕ್ಕೆ ಬಿಟ್ಟೆ. ಹೋದ ತಿಂಗಳು ಅವರ ಮಗ ಬಂದಿದ್ದ. ಅಪ್ಪನಿಗೆ ಈಗ ಓಡಾಡಲು ಆಗುವುದಿಲ್ಲವಂತೆ. ಡಬ್ಬಿ ಅದೇ, ಮುಚ್ಚಳಕ್ಕೆ ತುಕ್ಕು ಹಿಡಿದಿದೆ. ಹಳದಿ ಕಾಗದವನ್ನು ಲ್ಯಾಮಿನೇಷನ್ ಮಾಡಿಸಿ ತಂದಿದ್ದ. 'ಅಯ್ಯೋ ಮಾರಾಯ, ಒರಿಜಿನಲ್‌ಗೆ ಲ್ಯಾಮಿನೇಷನ್ ಮಾಡಿಸಬಾರದಿತ್ತು' ಅಂದೆ. 'ಅಲ್ಲಿವರೆಗೆ ಉಳಿಬೇಕಲ್ಲ ಸಾರ್' ಅಂದ.

ನಾನೇ ಜಾಸ್ತಿ ಹೊತ್ತು ಮಾತಾಡಿಬಿಟ್ಟೆ. ಇನ್ನು ನೀವು ಕೇಳಿ. ಹಿಂದಿನ ಸಾಲಿನಲ್ಲಿ ತುಮರಿಯವರು ಕೂತಿದ್ದಾರೆ, ಮೊದಲು ಅವರೇ ಕೇಳಲಿ. ಲಾಂಚಿನ ಟೈಮಾಯಿತು ಅಂತ ಅವರು ಏಳುವ ಹಾಗಿಲ್ಲ ಈಗ.